ನಾಲ್ಕನೇ ಗುಡ್ಡೆ

ಗುರುವಾರ, ಹದಿನೇಳನೇ ತಾರೀಕು

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ಅಂದರೆ ಮೊಣಕಾಲು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿದೆ. ನಿನ್ನ ಕಾಗದ ಬಂದು ಇಪ್ಪತ್ತಮೂರು ದಿನವಾಯಿತು. ತಡವಾಯಿತೆಂದು ಮುನಿಸಿಕೊಳ್ಳಬೇಡ. ಮೊದಲ ವಾರ ಕನ್ನಡಕದ ಕಡ್ಡಿ ಮುರಿದಿತ್ತು. ಎರಡನೇ ವಾರ ನೆಗಡಿ. ಮೂರನೇ ವಾರ ನೆಪ ಹುಡುಕುವುದಕ್ಕೂ ಬೇಸರವಾಗಿ ಸುಮ್ಮನೆ ಕೂತಿದ್ದೆ.

ನಿನ್ನ ಕೈಬರಹ ಇನ್ನೂ ಕೋಳಿ ಕೆರೆದ ಹಾಗೆಯೇ ಇದೆ. ನಕ್ಷೆ ಅಚ್ಚು ಹಾಕುವ ಕಚೇರಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳ ಅಕ್ಷರವೇ ಇದು? ನಿಮ್ಮ ನಕ್ಷೆ ನಂಬಿ ಹಡಗು ನಡೆಸುವವರನ್ನು ದೇವರೇ ಕಾಪಾಡಬೇಕು. ನಿನಗೆ ಮೇಲಿನ ಹುದ್ದೆ ಸಿಕ್ಕಿದ್ದು ತುಂಬ ಸಂತೋಷ. ಕಿಟಕಿ ಪಕ್ಕದ ಮೇಜು ಕೊಟ್ಟಿದ್ದಾರೆಂದು ಬರೆದಿದ್ದೀಯೆ. ಗಾಳಿಗೆ ಬೆನ್ನು ಕೊಟ್ಟು ಕೂರಬೇಡ, ನಿನಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಇನ್ನು ನೀನು ತಿದ್ದಿಕೊಡು ಎಂದು ಕಳಿಸಿದ ಸಾಲುಗಳ ವಿಷಯ. ಚಿತ್ರಶಾಲೆಯವರು ನಿನ್ನಪ್ಪನ ಕೆಂಪು ಕಡಲಿನ ಚಿತ್ರವನ್ನು ದೊಡ್ಡ ಕೋಣೆಯ ಗೋಡೆಗೆ ಹಾಕುತ್ತಾರೆ, ಅದರ ಕೆಳಗೆ ಮನೆಯವರ ನಾಲ್ಕು ಮಾತು ಬೇಕಂತೆ, ತಿಂಗಳ ಕೊನೆಗೆ ಮುದ್ರಣಕ್ಕೆ ಹೋಗುತ್ತದಂತೆ. ನೀನು ಬರೆದದ್ದನ್ನು ನಿನಗೇ ಓದಿ ಹೇಳುತ್ತೇನೆ, ಕೇಳು. "ಕಲಾವಿದನ ಒಬ್ಬಳೇ ಮಗಳು ಮನೆ ಬಿಟ್ಟು ಹೋದ ದಿನ ಬರೆದ ಚಿತ್ರವಿದು. ಈ ನೀರಿನ ಕೆಂಪು, ಕ್ಷಮಿಸಲು ಒಪ್ಪದ ತಂದೆಯ ಮನಸ್ಸು. ಆ ಮಗಳು ನಾನು. ಈ ಕಡಲನ್ನು ದಾಟಿ ಮರಳಿ ಬರಲು ನನಗೆ ಆಗಲಿಲ್ಲ."

ಕಾಗುಣಿತದ ತಪ್ಪು ಒಂದೂ ಇಲ್ಲ. ಓದಿ ಮಡಚಿ ಸಕ್ಕರೆ ಡಬ್ಬಿಯ ಕೆಳಗಿಟ್ಟೆ. ಮತ್ತೆ ತೆಗೆದೆ. ಮತ್ತೆ ಇಟ್ಟೆ. ನೀನು ಆ ಚಿತ್ರವನ್ನು ಹೀಗೆ ಓದಿಕೊಂಡಿದ್ದೀಯೆಂದು ನನಗೆ ಮೊದಲೇ ಅನುಮಾನವಿತ್ತು. ನಿನ್ನಪ್ಪ ತೀರಿಹೋದಾಗ ಮೂರು ದಿನ ಬಂದಿದ್ದೆಯಲ್ಲ, ಮೂರು ದಿನವೂ ನಡುಮನೆಯಲ್ಲಿ ಆ ಚಿತ್ರಕ್ಕೆ ಬೆನ್ನು ಮಾಡಿಯೇ ಕೂತೆ. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಹೋದ ಸೋಮವಾರ ಚೌಕಟ್ಟು ಮಾವನನ್ನು ಕರೆದುಕೊಂಡು ಚಿತ್ರಶಾಲೆಗೆ ಹೋಗಿದ್ದೆ. ಅವನಿಗೀಗ ಕಿವಿ ಮಂದ. ನಿನ್ನಪ್ಪನ ಚಿತ್ರಗಳಿಗೆ ಚೌಕಟ್ಟು ಹಾಕಿ ಊರಿನ ಹಲ್ಲಿನ ಡಾಕ್ಟರುಗಳಿಗೆಲ್ಲ ಮಾರಿದವನು ತಾನೇ ಎಂದು ದಾರಿಯುದ್ದಕ್ಕೂ ಬಸ್ಸಿನಲ್ಲಿದ್ದವರಿಗೆಲ್ಲ ಕೂಗಿ ಹೇಳಿದ. ಹಳೆಯ ಚಿತ್ರಗಳ ಕೊಳೆ ತೆಗೆಯುವ ಹೆಂಗಸೊಬ್ಬಳು ಅಲ್ಲಿದ್ದಾಳೆ. ಕಡ್ಡಿಗೆ ಹತ್ತಿ ಸುತ್ತಿ, ಅದ್ದಿ, ಉಗುರಿನಷ್ಟು ಉಗುರಿನಷ್ಟೇ ಒರೆಸುತ್ತಾಳೆ. ನಮ್ಮ ಅಡುಗೆಮನೆಯ ಹೊಗೆಯೆಲ್ಲ ಅವಳ ಹತ್ತಿಗೆ ಬಂದಿತ್ತು. ನಾನು ಯಾರೆಂದು ಗೊತ್ತಾದ ಮೇಲೆ ಒಂದು ಕುರ್ಚಿ ಎಳೆದು ಹಾಕಿದಳು.

"ಅಮ್ಮಾ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಲ್ರೂ ಇದನ್ನ ಸಿಟ್ಟಿನ ಚಿತ್ರ ಅಂತಾರೆ. ನಾನು ಎರಡು ತಿಂಗಳಿಂದ ಇದರ ಮುಂದೆ ಕೂತಿದ್ದೀನಿ, ನನಗೆ ಹಾಗನ್ನಿಸ್ತಾ ಇಲ್ಲ. ಆಕಾಶ ನೋಡಿ, ನಡುಹಗಲು, ಒಂದು ಮೋಡ ಇಲ್ಲ. ನೀರಲ್ಲಿ ಕುಂಚ ಆಡಿರೋದು ನೋಡಿ, ಚಿಕ್ಕ ಚಿಕ್ಕ ಗೀಟು, ಓರೆಯಾಗಿ, ಹಗುರವಾಗಿ. ಸಿಟ್ಟು ಬಂದೋರು ಹೀಗೆ ಆಡ್ತಾರಾ? ಕೈ ಖುಷಿಯಾಗಿದೆ. ಬಣ್ಣ ಮಾತ್ರ ಮುಖ ಗಂಟು ಹಾಕ್ಕೊಂಡಿದೆ. ಇಬ್ಬರು ಸೇರಿ ಬರೆದದ್ದಾ ಇದು?"

ನನಗೆ ಕೆಮ್ಮು ಬಂತು. ನೀರು ತಂದುಕೊಟ್ಟಳು. ಚೌಕಟ್ಟು ಮಾವ "ಏನಂತೆ? ಏನು ಕೇಳಿದ್ಳು?" ಎಂದು ಎರಡು ಸಲ ಕೂಗಿದ. ಏನಿಲ್ಲ ಎಂದೆ. ಆದರೆ ಮಗಳೇ, ಹೊರಗಿನವಳೊಬ್ಬಳು ಎರಡು ತಿಂಗಳಿನಲ್ಲಿ ಕಂಡದ್ದನ್ನು ನಿನಗೆ ನಾನು ಹನ್ನೊಂದು ವರ್ಷ ಹೇಳದೆ ಉಳಿದೆ. ನಾಚಿಕೆಯಾಗುತ್ತದೆ. ಇವತ್ತಿಗೆ ಇಷ್ಟು ಸಾಕು, ಕೈ ನೋಯುತ್ತಿದೆ.

ಶನಿವಾರ

ಕೈ ನೋಯುತ್ತಿರಲಿಲ್ಲ. ಇರಲಿ.

ನಮ್ಮ ಮನೆಯಲ್ಲಿ ಬಣ್ಣಗಳಿಗೆ ಹೆಸರಿರಲಿಲ್ಲ, ಸಂಖ್ಯೆ ಇತ್ತು. ಮರೆತಿರಲಾರೆ. ಒಂದು ಬಿಳಿ, ಎರಡು ಹಳದಿ, ಮೂರು ಮಣ್ಣಿನ ಬಣ್ಣ, ನಾಲ್ಕು ಹಸಿರು, ಐದು ನೀಲಿ, ಆರು ಕೆಂಪು, ಏಳು ಕಂದು, ಎಂಟು ಕಪ್ಪು. ಶಾಲೆ ಸೇರಿದ ಮೊದಲ ವಾರ ಟೀಚರು ಎಲೆ ಯಾವ ಬಣ್ಣ ಎಂದು ಕೇಳಿದರೆ ನೀನು ಎದ್ದು ನಿಂತು "ನಾಲ್ಕು" ಎಂದೆ. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅತ್ತುಕೊಂಡು ಬಂದ ನಿನ್ನನ್ನು ನಿನ್ನಪ್ಪ ತೊಡೆಯ ಮೇಲೆ ಕೂರಿಸಿಕೊಂಡು, "ಇದು ಚಿತ್ರ ಬರೆಯೋರ ಗುಟ್ಟಿನ ಭಾಷೆ ಕಣೇ, ನನ್ನ ಎರಡು, ಹೊರಗೆ ಆಡಬಾರದು" ಎಂದರು. ನಿನ್ನನ್ನು ಅವರು ಕರೆಯುತ್ತಿದ್ದದ್ದೇ ಎರಡು ಎಂದು. "ಹಾಗಾದ್ರೆ ಒಂದು ಯಾರು?" ಎಂದು ನೀನು ಜಗಳ ತೆಗೆಯುತ್ತಿದ್ದೆ.

ಅದು ಗುಟ್ಟಿನ ಭಾಷೆಯಲ್ಲ. ನಿನ್ನಪ್ಪನಿಗೆ ಹುಟ್ಟಿನಿಂದ ಹಸಿರೂ ಕೆಂಪೂ ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಎರಡೂ ಒಂದೇ ಮಂಕು ಕಂದು. ನೀಲಿ ಕಾಣುತ್ತಿತ್ತು. ಎಲ್ಲಕ್ಕಿಂತ ಚೆನ್ನಾಗಿ ಹಳದಿ ಕಾಣುತ್ತಿತ್ತು. ನಿನಗೆ ಎರಡು ಎಂದು ಹೆಸರಿಟ್ಟದ್ದು ಅದಕ್ಕೆ.

ನನ್ನಪ್ಪನದು ಬಣ್ಣ ಅರೆಯುವ ಅಂಗಡಿ ಎಂದು ನಿನಗೆ ಗೊತ್ತು. ನಿನ್ನಪ್ಪ ಆಗ ಶಾಲೆಯಲ್ಲಿ ಚಿತ್ರದ ಮೇಷ್ಟ್ರು. ಅಂಗಡಿಗೆ ಬಂದು "ಎಡಗಡೆಯಿಂದ ನಾಲ್ಕನೇ ಡಬ್ಬಿ ಕೊಡಿ" ಎನ್ನುತ್ತಿದ್ದರು. ಬಣ್ಣದ ಹೆಸರು ಬಾಯಲ್ಲಿ ಬರುತ್ತಿರಲಿಲ್ಲ. ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಒಂದು ದಿನ ನನ್ನಪ್ಪ ಗೂಡು ತೊಳೆದು ಡಬ್ಬಿಗಳನ್ನು ಅದಲು ಬದಲು ಇಟ್ಟಿದ್ದರು. ನಿನ್ನಪ್ಪ ನಾಲ್ಕನೇದು ಎಂದು ಕೆಂಪು ತೆಗೆದುಕೊಂಡು, ಮುಚ್ಚಳ ತೆರೆದು ನೋಡಿ, ತಲೆಯಾಡಿಸಿ ಹೊರಟೇಬಿಟ್ಟರು. ನಾನು ಹಸಿರು ಡಬ್ಬಿ ಹಿಡಿದು ಬೀದಿಯಲ್ಲಿ ಹಿಂದೆ ಓಡಿದೆ. ತಿರುವಿನಲ್ಲಿ ಸಿಕ್ಕರು. ಡಬ್ಬಿ ಬದಲಿಸಿ ಕೊಟ್ಟಾಗ ಅವರ ಮುಖ ನೋಡಬೇಕಿತ್ತು, ಕಳ್ಳ ಸಿಕ್ಕಿಬಿದ್ದ ಹಾಗೆ. "ಯಾರಿಗೂ ಹೇಳ್ಬೇಡಿ, ಕೆಲಸ ಹೋಗುತ್ತೆ" ಎಂದರು. ಹೇಳಲಿಲ್ಲ. ಮರುವರ್ಷ ಮದುವೆಯಾದೆವು.

ಅಂದಿನಿಂದ ದಿನವೂ ಬೆಳಿಗ್ಗೆ ಬಣ್ಣದ ಹಲಗೆ ಸಿದ್ಧ ಮಾಡುವುದು ನನ್ನ ಕೆಲಸ. ಅಗಸೆ ಎಣ್ಣೆಯಲ್ಲಿ ಪುಡಿ ಕಲಸಿ, ಹೆಬ್ಬೆರಳಿನ ತೂತಿನಿಂದ ಶುರುಮಾಡಿ ಎಂಟು ಗುಡ್ಡೆ, ಒಂದೇ ಸಾಲಿನಲ್ಲಿ. ಅವರು ಗುಡ್ಡೆ ಎಣಿಸಿ ಕುಂಚ ಅದ್ದುತ್ತಿದ್ದರು. ಕಡಲಿನ ಚಿತ್ರ ಮುಗಿದ ಮೇಲೆ "ನೀರು ಬಂತಾ?" ಎಂದು ಕೇಳುತ್ತಿದ್ದರು. "ಬಂತು" ಎಂದರೆ ಸಹಿ ಹಾಕುತ್ತಿದ್ದರು. ಊರಿನವರೆಲ್ಲ ಅವರ ಹಸಿರು ನೀರನ್ನು ಹೊಗಳುವವರೇ.

ನೀನು ಕಡಲಾಚೆ ಕೆಲಸಕ್ಕೆ ಹೋಗುತ್ತೇನೆಂದಾಗ ನಾನು ಯಾಕೆ ಹಾಗೆ ಆಕಾಶ ಭೂಮಿ ಒಂದು ಮಾಡಿದೆ ಎಂದು ನಿನಗೆ ತಿಳಿದಿರಲಿಲ್ಲ. ನನ್ನ ಕಣ್ಣಿಗೆ ಪೊರೆ ಬರುತ್ತಿದೆ ಎಂದು ಡಾಕ್ಟರು ಅದೇ ವರ್ಷ ಹೇಳಿದ್ದರು. ನನ್ನ ನಂತರ ಹಲಗೆಗೆ ಬಣ್ಣ ಇಡಬೇಕಾದವಳು ನೀನು ಎಂದು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದೆ. ನಿನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಅದಕ್ಕೇ ನಿನ್ನ ಪ್ರಯಾಣದ ಕಾಗದಗಳನ್ನು ಬಣ್ಣದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದು.

ಹೊರಡುವ ದಿನ ಬೆಳಿಗ್ಗೆ ಆ ಕಾಗದಗಳು ನಿನ್ನ ಚೀಲದ ಮೇಲಿದ್ದವು. ನೀನು ಓಡಿಬಂದು ನನ್ನನ್ನು ತಬ್ಬಿಕೊಂಡೆ. ನಾನು ಕಲ್ಲಿನ ಹಾಗೆ ನಿಂತಿದ್ದೆ, ನೀನು ಅದನ್ನು ದುಃಖ ಎಂದುಕೊಂಡೆ. ವರ್ಷ ವರ್ಷವೂ "ನೀನು ಮನಸ್ಸು ಬದಲಿಸಿ ಕಾಗದ ಕೊಡದಿದ್ದರೆ ನಾನು ಎಲ್ಲಿರುತ್ತಿದ್ದೆ ಅಮ್ಮಾ" ಎಂದು ಬರೆಯುತ್ತೀಯೆ. ಕೊಟ್ಟವಳು ನಾನಲ್ಲ. ಕೀಲಿ ತೆಗೆದದ್ದು ನಿನ್ನಪ್ಪ. ನೀನು ಕೊಟ್ಟ ಕೃತಜ್ಞತೆಯನ್ನೆಲ್ಲ ನಾನು ಹನ್ನೊಂದು ವರ್ಷ ನನ್ನದೇ ಎಂಬಂತೆ ಇಟ್ಟುಕೊಂಡೆ. ಅದು ಅವರದು, ಈಗ ವಾಪಸು ಮಾಡುತ್ತಿದ್ದೇನೆ.

ನೀನು ಬಾಗಿಲು ದಾಟಿದ ಮೇಲೆ ಅವರು ಹಿಂದಿನ ದಾರಿಯಿಂದ ಹೋಗಿ ಬಂದರಿನ ಗೋಡೆಯ ಮೇಲೆ ನಿಂತು ನಿನ್ನ ಹಡಗು ಚುಕ್ಕೆಯಾಗುವವರೆಗೆ ನೋಡಿ ಬಂದರು. ಬಂದವರೇ ಹಲಗೆ ಕೇಳಿದರು. ನನ್ನ ತಲೆ ಸರಿಯಿರಲಿಲ್ಲ. ಗುಡ್ಡೆ ಇಡುವಾಗ ಕೈ ತಪ್ಪಿತು, ನಾಲ್ಕರ ಜಾಗದಲ್ಲಿ ಆರು ಹೋಯಿತು. ಆಮೇಲೆ ಆ ಕೋಣೆಗೆ ನಾನು ಕಾಲಿಡಲಿಲ್ಲ. ಮುಗಿದ ಮೇಲೆ ನೋಡಿದರೆ ಕಡಲು ತುಂಬ ಕೆಂಪು. ಹೇಳಿದರೆ ನೊಂದುಕೊಳ್ಳುತ್ತಾರೆ ಎಂದು ಸುಮ್ಮನಾದೆ. ಅವರು ಆ ದಿನವಿಡೀ ಸಿಳ್ಳೆ ಹಾಕುತ್ತಲೇ ಬರೆದರು, ಅಡುಗೆಮನೆಗೆ ಕೇಳುತ್ತಿತ್ತು. ಅವರು ಬರೆದದ್ದು ನಿನ್ನನ್ನು ಕರೆದೊಯ್ದ ನೀರು, ನಡುಹಗಲಿನ ತಿಳಿ ಹಸಿರು ನೀರು. ದೂರದ ಹಡಗಿನ ಮೇಲೆ ಒಂದು ಹಳದಿ ಚುಕ್ಕೆಯಿದೆ, ನೀನು ಬೆನ್ನು ತಿರುಗಿಸಿ ಕೂತದ್ದರಿಂದ ನೋಡಿರಲಾರೆ. ಪತ್ರಿಕೆಯವನು ಅದನ್ನು ಕಟ್ಟಕಡೆಯ ಆಸೆ ಎಂದು ಬರೆದ. ಆಸೆಯೂ ಅಲ್ಲ ಮಣ್ಣೂ ಅಲ್ಲ, ಅದು ನಿನ್ನ ಹಳದಿ ಕೋಟು.

ಮೂರು ವಾರ ಚಿತ್ರ ಆರುತ್ತ ಗೋಡೆಗೆ ಒರಗಿತ್ತು. ಚೌಕಟ್ಟು ಮಾವ ಬಂದವನೇ ಬಾಗಿಲಲ್ಲಿ ನಿಂತುಬಿಟ್ಟ. "ಏನಕ್ಕಾ ಇದು, ನೀರಿಗೆ ಬೆಂಕಿ ಬಿದ್ದಿದೆ!" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ನಾನು ತುಟಿಯ ಮೇಲೆ ಬೆರಳಿಟ್ಟೆ. "ಚೆನ್ನಾಗಿದೆ ಯಜಮಾನ್ರೇ, ಇದು ಡಾಕ್ಟರ ಗೋಡೆಗಲ್ಲ, ಪ್ರದರ್ಶನಕ್ಕೆ ಹೋಗಬೇಕು" ಎಂದು ಹೊತ್ತುಕೊಂಡು ಹೋದ. ಅಲ್ಲಿ ಪತ್ರಿಕೆಯವನು ಹತ್ತು ಜನರೆದುರು ನಿನ್ನಪ್ಪನನ್ನು ಕೇಳಿದ, "ಇಷ್ಟು ಕೆಂಪು ನೀರನ್ನ ನಾನು ನೋಡೇ ಇಲ್ಲ ಸಾರ್, ಯಾರ ಮೇಲೆ ಇಷ್ಟು ಸಿಟ್ಟು?"

ಕೆಂಪು ಎಂಬ ಮಾತು ಅವರ ಕಿವಿಗೆ ಬಿದ್ದದ್ದು ಆಗ. ಅವರು ಚಿತ್ರ ನೋಡಿದರು, ನನ್ನನ್ನು ನೋಡಿದರು, ಆಮೇಲೆ ನಕ್ಕು, "ಕಡಲಿನ ಸಿಟ್ಟಿಗೆ ಕಾರಣ ಕೇಳೋಕಾಗುತ್ತಾ?" ಎಂದರು. ಆ ಮನುಷ್ಯ ಅದನ್ನೇ ದೊಡ್ಡ ತತ್ವ ಮಾಡಿ ತಲೆಬರಹ ಹಾಕಿದ. ಪತ್ರಿಕೆಯ ಆ ತುಣುಕೇ ನಿನ್ನ ಕೈಗೂ ಸೇರಿತು. ಅಲ್ಲಿಂದ ಮುಂದೆ ನಿನ್ನಪ್ಪ ಕುಂಚ ಹಿಡಿಯಲಿಲ್ಲ, ಕಣ್ಣು ದಣಿದಿದೆ ಎಂದರು. ನಿನಗೆ ಕಾಗದ ಬರೆಯದೆ ಉಳಿದದ್ದೂ ಆ ದಣಿವಿನಿಂದಲೇ, ಕೋಪದಿಂದಲ್ಲ. ನಿನ್ನ ಮೇಲೆ ಅವರಿಗೆ ಒಂದು ದಿನವೂ, ಒಂದು ಗಳಿಗೆಯೂ ಕೋಪವಿರಲಿಲ್ಲ.

ಆದ್ದರಿಂದ ನಿನ್ನ ಸಾಲುಗಳನ್ನು ನಾನು ತಿದ್ದುವುದಿಲ್ಲ, ಹೊಡೆದುಹಾಕುತ್ತೇನೆ. ಮುಂದಿನ ಸಲ ಬಂದಾಗ ಆ ಚಿತ್ರದ ಎದುರು ನಿಲ್ಲು. ಬಣ್ಣ ನೋಡಬೇಡ, ಗೀಟು ನೋಡು. ಗೀಟು ನಿನ್ನಪ್ಪನದು. ಬೇಗ ಬಾ. ಹೊಟ್ಟೆ ತುಂಬ ಊಟ ಮಾಡು, ಬೆಚ್ಚಗಿರು. ನೀನು ಕೈಗೆತ್ತಿಕೊಂಡ ಕೆಲಸವೆಲ್ಲ ಗೆಲ್ಲಲಿ. ನಿನ್ನ ಬದುಕು ನಿನಗೆ ಬೇಕಾದ ಬಣ್ಣದಲ್ಲಿರಲಿ.

ನಿನ್ನ,
ಅಮ್ಮ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ. ಅಂಚು ಹರಿದಿರುವುದಕ್ಕೆ ಅಂಚೆಯವನನ್ನು ಬೈಯಬೇಡ.

ಮೇಲೆ ಕೈ ತಪ್ಪಿತು ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಇಪ್ಪತ್ತಾರು ವರ್ಷ ದಿನವೂ ಇಟ್ಟು, ಕಣ್ಣು ಮುಚ್ಚಿಕೊಂಡು ಇಡಬಲ್ಲಷ್ಟು ಪಳಗಿದ ಕೈ ತಪ್ಪುತ್ತದೆಯೇ?

ಆ ದಿನ ಅವರು ಬಂದರಿನಿಂದ ಬಂದಾಗ, ಕಪಾಟು ತೆರೆದವರು ಯಾರು ಎಂದು ಕೇಳಿದೆ. "ನಾನೇ" ಎಂದರು. "ಅವಳೂ ನನ್ನ ಕಣ್ಣಾಗಿ ಸವೆಯೋದು ಬೇಡ ಕಣೇ. ನೀನೊಬ್ಬಳು ಸಾಕು." ಎಷ್ಟು ಮೆತ್ತಗೆ ಹೇಳಿದರು ಗೊತ್ತೇ, ಒಳ್ಳೆಯ ಮಾತು ಹೇಳುವವರ ಹಾಗೆ. ನೀನೊಬ್ಬಳು ಸಾಕು. ಹಾಗಾದರೆ ಅದು ಸವೆಯುವುದು ಎಂದು ಅವರಿಗೆ ಮೊದಲಿಂದ ಗೊತ್ತಿತ್ತು. ಮಗಳಿಗೆ ಬೇಡವಾದದ್ದು ನನಗೆ ಆಗುತ್ತಿತ್ತು. ಆಗ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ, ಅದನ್ನೂ ಬರೆದುಬಿಡುತ್ತೇನೆ.

ಒಳಗೆ ಹೋಗಿ ಹಲಗೆ ತೆಗೆದುಕೊಂಡೆ. ಬರಿಯ ಆರು ಇಟ್ಟರೆ ಹೊಳಪಿಗೆ ಅನುಮಾನ ಬರಬಹುದೆಂದು ಅದಕ್ಕೆ ಚೂರು ಐದು, ಚೂರು ಎಂಟು ಕಲಸಿ, ನಾಲ್ಕರಷ್ಟೇ ಕಪ್ಪಗೆ, ನಾಲ್ಕರಷ್ಟೇ ಮಂಕಾಗಿ ಮಾಡಿ ಇಟ್ಟೆ. ಅವರಿಗೆ ಯಾವುದು ಕಾಣುವುದಿಲ್ಲ ಎಂದು ಲೋಕದಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಆ ಕೋಣೆಗೆ ಕಾಲಿಡಲಿಲ್ಲ ಎಂದದ್ದೂ ಸುಳ್ಳು. ಸಂಜೆ ಅವರು ಕರೆದು "ನೀರು ಬಂತಾ?" ಎಂದು ಕೇಳಿದರು. ನಾನು ಆ ರಕ್ತದಂಥ ನೀರನ್ನು ನೋಡುತ್ತ ನಿಂತು "ಬಂತು" ಎಂದೆ. ಅವರು ಸಹಿ ಹಾಕಿದರು. ಒಂದು ಕಾಲದಲ್ಲಿ ಡಬ್ಬಿ ಬದಲಿಸಿ ಕೊಡಲು ಬೀದಿಯಲ್ಲಿ ಓಡಿದವಳೂ ನಾನೇ.

ಪ್ರದರ್ಶನದಿಂದ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, "ನಾಲ್ಕರಲ್ಲಿ ಏನಿತ್ತು?" ಎಂದು ಕೇಳಿದರು. ಆಗಲಾದರೂ ಕಾಲು ಹಿಡಿದುಕೊಂಡಿದ್ದರೆ ಮುಗಿಯುತ್ತಿತ್ತು. "ನಾಲ್ಕೇ ಇತ್ತು. ನೀವೇ ಲೆಕ್ಕ ತಪ್ಪಿ ಆರಕ್ಕೆ ಅದ್ದಿರಬೇಕು" ಎಂದೆ. ಅವರು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಬಣ್ಣ ಕಾಣದ ಕಣ್ಣಿನಿಂದಲೂ ಹೇಗೋ ನಡೆದಿತ್ತು, ಅವರಿಗೆ ಉಳಿದಿದ್ದದ್ದು ಆ ಎಣಿಕೆಯೊಂದೇ, ಅದನ್ನು ನಾನು ಕಿತ್ತುಕೊಂಡೆ. ಆಮೇಲಿನ ಐದು ವರ್ಷ ಅಂಗಿಯ ಗುಂಡಿ ಹಾಕುವಾಗಲೂ ಎರಡೆರಡು ಸಲ ಎಣಿಸುತ್ತಿದ್ದರು. ನಿನಗೆ ಕಾಗದ ಬರೆಯಲು ಕೂತು, ಎರಡು ಸಾಲಿಗೆ ನಿಲ್ಲಿಸಿ, "ಈ ಕೈ ಏನು ಬರೆಯುತ್ತೋ ನಂಬೋಕಾಗಲ್ಲ" ಎಂದು ಹರಿದು ಹಾಕುತ್ತಿದ್ದರು. ನಾನು ಹೇಳಿದ್ದನ್ನೇ ನಂಬಿಕೊಂಡಿದ್ದಾರೆ ಎಂದು ನಾನು ಅಷ್ಟೂ ವರ್ಷ ಅಂದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ಕೊನೆಯ ಮಧ್ಯಾಹ್ನ, ಹೊದಿಸಿದ್ದ ಕಂಬಳಿಯನ್ನು ಬೆರಳಲ್ಲಿ ಎತ್ತಿ "ಇದು ಎಷ್ಟು?" ಎಂದು ಕೇಳಿದರು. "ನಾಲ್ಕು" ಎಂದೆ. ನಿಜವಾಗಿಯೂ ನಾಲ್ಕೇ, ಕಡುಹಸಿರು. ಅವರು ಬಹಳ ಹೊತ್ತು ನನ್ನ ಮುಖವನ್ನೇ ನೋಡಿ, "ನಿಜ ಹೇಳ್ತಿದ್ದೀಯಾ?" ಎಂದರು.

ಮೂವತ್ತೊಂದು ವರ್ಷದಲ್ಲಿ ಅವರು ನನ್ನನ್ನು ಆ ಮಾತು ಕೇಳಿದ್ದು ಅದೊಂದೇ ಸಲ.